ಬಸ್ ಕಿಟಕಿಗೆ ಚಾಚಿದ ಕೈಗೆ ಬಳಪ ಹಿಡಿಸುವವರು ಯಾರು?

ದಾವಣಗೆರೆಯೇ ಇರಲಿ, ಹುಬ್ಬಳ್ಳಿಯೇ ಇರಲಿ, ಬಸ್ ನಿಲ್ದಾಣ ಅಂದ ಮೇಲೆ ಈ ನೋಟ ಯಾರಿಗೂ ಹೊಸದಲ್ಲ. ಡ್ರೈವರ್ ಹತ್ತಿ ಕೂರುವ ಹೊತ್ತಿಗೆ ಸರಿಯಾಗಿ ಕಿಟಕಿಯ ಕೆಳಗೆ ಒಂದು ಪುಟ್ಟ ಕೈ. "ಅಣ್ಣಾ, ಅಕ್ಕಾ" ಎಂಬ ಕೂಗು. ಕೆಲವರು ಐದು ರೂಪಾಯಿ ಕೊಡ್ತಾರೆ, ಕೆಲವರು "ಮುಂದೆ ಹೋಗು" ಅಂತಾರೆ, ಇನ್ನು ಕೆಲವರು ಪೇಪರಿನಲ್ಲಿ ಮುಖ ಮರೆಸಿಕೊಳ್ತಾರೆ. ಬಸ್ಸು ಹೊರಟ ಮೇಲೆ ಎಲ್ಲರೂ ಮರೆತರು. ಮಗು ಮಾತ್ರ ಪಕ್ಕದ ಪ್ಲಾಟ್‌ಫಾರಂಗೆ ನಡೆಯಿತು.

ಹೀಗೆ ಸಿಕ್ಕಿದ ಕಾಸು ಮಗುವಿನ ಹೊಟ್ಟೆಗೇ ಹೋಗುತ್ತದೆ ಎಂಬ ಖಾತ್ರಿ ಇಲ್ಲ. ಸಂಪಾದನೆ ಚೆನ್ನಾಗಿದ್ದಷ್ಟೂ ಮಗುವನ್ನು ಶಾಲೆಗೆ ಬಿಡುವವರಿಲ್ಲ. ದಾನ ಕೊಟ್ಟ ಕೈಯೇ ಶಾಲೆಯ ಬಾಗಿಲು ಮುಚ್ಚಿದಂತೆ ಆಗುವುದು ಇಲ್ಲೇ.

ಕಾಯ್ದೆಯೂ ಇದೆ, ಕರವೂ ಇದೆ

ಕರ್ನಾಟಕದಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದದ್ದು 1975ರಲ್ಲಿ. ಅಂಗಡಿ ಮಾಲೀಕರು ತಮ್ಮ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ. ಗ್ರಂಥಾಲಯ ಕರದ ಜೊತೆಗೆ ಭಿಕ್ಷುಕರ ಕರವೂ ಅಲ್ಲಿ ಕೂತಿದೆ, ತೆರಿಗೆಯ ಮೇಲೆ ನೂರಕ್ಕೆ 3ರಂತೆ. ಅಂದರೆ ಭಿಕ್ಷುಕರ ಪುನರ್ವಸತಿಗೆಂದು ವರ್ತಕರು ಆಗಲೇ ದುಡ್ಡು ಕಟ್ಟಿದ್ದಾರೆ. ಅದರ ಲೆಕ್ಕ ಕೇಳುವುದು ಅವರ ಹಕ್ಕು.

ಮಕ್ಕಳ ವಿಷಯಕ್ಕೆ ಬೇರೆಯೇ ಕಾನೂನು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಭಿಕ್ಷೆ ಬೇಡುವ ಮಗು ಅಪರಾಧಿಯಲ್ಲ. ಪಾಲನೆ, ರಕ್ಷಣೆ ಬೇಕಾದ ಮಗು. ಅಪರಾಧಿ ಯಾರೆಂದರೆ ಮಗುವನ್ನು ಬೇಡಲು ಹಚ್ಚಿದವನು. ಅವನಿಗೆ 5 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿ ದಂಡ. ಬೇಡಿಸಲೆಂದು ಮಗುವಿನ ಕೈಕಾಲು ಊನ ಮಾಡಿದರೆ 7ರಿಂದ 10 ವರ್ಷ ಕಠಿಣ ಸಜೆ, 5 ಲಕ್ಷ ದಂಡ.

ಒಂದು ಫೋನು ಮಾಡಿದರೆ?

"ನಮಗ್ಯಾಕೆ ಸ್ವಾಮಿ ಪೊಲೀಸು, ಕೋರ್ಟು" ಎಂದು ಹಿಂಜರಿಯುವವರೇ ಹೆಚ್ಚು. 1098 ಎಂಬ ನಂಬರು ನೆನಪಿಟ್ಟರೆ ಸಾಕು. ಮಕ್ಕಳ ಈ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು. 2023ರಲ್ಲಿ ಸರ್ಕಾರವೇ ಇದನ್ನು ವಹಿಸಿಕೊಂಡು 112ರ ಜೊತೆ ಜೋಡಿಸಿತು. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ವಯಸ್ಸಿನ ಮಗು, ಜೊತೆಗೆ ದೊಡ್ಡವರು ಯಾರಾದರೂ ಇದ್ದಾರೆಯೇ — ಇಷ್ಟು ಹೇಳಿದರೆ ಆಯಿತು.

ಮಗುವನ್ನು ಕರೆದೊಯ್ದ ಮೇಲೆ 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಸಮಿತಿ ಅದು. ಅಪ್ಪ ಅಮ್ಮ ಇದ್ದಾರೆಯೇ, ಕದ್ದು ತಂದ ಮಗುವೇ, ಮನೆಗೆ ಕಳಿಸಬಹುದೇ ಎಂದು ತೀರ್ಮಾನಿಸುವುದು ಸಮಿತಿಯೇ. ಮಕ್ಕಳನ್ನು ಗೃಹಕ್ಕೆ ತುಂಬುವುದು ಕಟ್ಟಕಡೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ.

ಲೋಟ ತೊಳೆಯಲು ಇಟ್ಟುಕೊಂಡರೆ?

"ಬೇಡೋದಕ್ಕಿಂತ ನಮ್ಮ ಹೋಟ್ಲಲ್ಲಿ ಲೋಟ ತೊಳೀಲಿ, ಊಟನಾದ್ರೂ ಸಿಗುತ್ತೆ" ಎನ್ನುವವರೂ ಉಂಟು. ಮನಸ್ಸು ಒಳ್ಳೆಯದೇ, ದಾರಿ ತಪ್ಪು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಅಂಗಡಿ, ಹೋಟೆಲಿನಲ್ಲೂ ದುಡಿಸುವಂತಿಲ್ಲ. ಸಿಕ್ಕಿಬಿದ್ದರೆ 6 ತಿಂಗಳಿಂದ 2 ವರ್ಷ ಸಜೆ, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಕೈ ಚಾಚುವುದು ತಪ್ಪಿ ಕೈ ಸವೆಸುವುದು ಶುರುವಾದರೆ ಮಗುವಿಗೆ ಬಂದ ಭಾಗ್ಯವೇನು?

ವಯಸ್ಸು ಹತ್ತು, ಅಕ್ಷರ ಸೊನ್ನೆ

ನಿಜವಾದ ಕಷ್ಟ ಇರುವುದು ಇಲ್ಲಿ. ನಿಲ್ದಾಣದಲ್ಲೇ ಬೆಳೆದ ಹುಡುಗ ಜಗಳೂರು ಬಸ್ಸು ಯಾವುದು, ಹೊನ್ನಾಳಿ ಬಸ್ಸು ಯಾವುದು ಅಂತ ಬೋರ್ಡು ಓದದೆಯೇ ಹೇಳಿಬಿಡುತ್ತಾನೆ. ಚಿಲ್ಲರೆ ಲೆಕ್ಕದಲ್ಲಿ ಅವನನ್ನು ಮೋಸ ಮಾಡುವವರಿಲ್ಲ. ಆದರೆ "ಅ" ಬರೆಯಲು ಬಾರದು. ಹತ್ತು ವರ್ಷದವನನ್ನು ಒಂದನೇ ಕ್ಲಾಸಿನ ಚಿಕ್ಕ ಮಕ್ಕಳ ಮಧ್ಯೆ ಕೂರಿಸಿದರೆ ನಾಚಿಕೆಯಾಗಿ ಮೂರನೇ ದಿನಕ್ಕೆ ಓಡಿಹೋಗುತ್ತಾನೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಉಪಾಯ ಹೇಳಿದೆ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದೆ ಬಿದ್ದ ಪಾಠಕ್ಕೆ 3 ತಿಂಗಳಿಂದ 2 ವರ್ಷದವರೆಗೆ ವಿಶೇಷ ತರಬೇತಿ ಕೊಡಬೇಕು. ಜನನ ಪತ್ರ ಇಲ್ಲ ಎಂದು ವಾಪಸು ಕಳಿಸುವಂತಿಲ್ಲ. ಎಂಟನೇ ತರಗತಿ ಮುಗಿಯುವ ಮುನ್ನ 14 ತುಂಬಿದರೂ ಓದು ಪುಕ್ಕಟೆ ಮುಂದುವರಿಯಬೇಕು. ಶಾಲೆಯಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು ಇವೆ. ಹಸಿವಿನ ನೆಪ ಅಲ್ಲಿಗೆ ಅರ್ಧ ತೀರಿತು.

ಉಳಿದರ್ಧ ಮನೆಯ ಒಲೆಯದು. ಮಗು ತರುತ್ತಿದ್ದ ಕಾಸು ನಿಂತರೆ ಸಂಜೆಗೆ ಅಕ್ಕಿ ಎಲ್ಲಿಂದ ಎಂಬ ತಾಯಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4000 ರೂಪಾಯಿ ನೆರವು ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೇಡುವ ಅಕ್ಕನನ್ನು ಶಾಲೆಗೆ ಕಳಿಸಬೇಕಾದರೆ ತಮ್ಮನಿಗೆ ಮೊದಲು ಅಂಗನವಾಡಿ ಆಗಬೇಕು. ಒಂದು ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಬೇಕಾದರೆ ಇಷ್ಟೆಲ್ಲ ಕೂಡಿಬರಬೇಕು.

ವರ್ತಕರೂ ಪ್ರಯಾಣಿಕರೂ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕಾಸು ಕೊಡುವ ಬದಲು ಫೋನು ಮಾಡುವುದು. ಶಾಲೆಗೆ ಸೇರಿದ ಮಗು ಶಾಲೆಯ ಹೊತ್ತಿನಲ್ಲಿ ಮತ್ತೆ ನಿಲ್ದಾಣದಲ್ಲಿ ಕಂಡರೆ ಸುಮ್ಮನಿರದೆ ಮೇಷ್ಟ್ರಿಗೆ ತಿಳಿಸುವುದು. ಸೇರಿಸಿದ ದಿನ ಫೋಟೋ ತೆಗೆಸಿಕೊಳ್ಳಲು ಬರುವವರು ಬೇಕಾದಷ್ಟು ಮಂದಿ, ಎರಡನೇ ತಿಂಗಳು "ಇವತ್ತು ಯಾಕಪ್ಪಾ ಹೋಗಿಲ್ಲ?" ಎಂದು ಕೇಳುವವರೇ ಕಡಿಮೆ.