ಜೆ.ಸಿ. ರಸ್ತೆಯ ಪಾಠ: ಮೊದಲು ಬುಷ್, ಆಮೇಲೆ ಅಲೈನ್‌ಮೆಂಟ್

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಚಾಚಿಕೊಂಡಿರುವ ಜೆ.ಸಿ. ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು. ಒಂದು ತುದಿಯಲ್ಲಿ ರವೀಂದ್ರ ಕಲಾಕ್ಷೇತ್ರ. ಅಲ್ಲಿಂದ ಮುಂದೆ ನಡೆದರೆ ಸೀಟ್ ಕವರು, ಹೆಡ್‌ಲೈಟು, ಕ್ಲಚ್ ಪ್ಲೇಟು, ಬೇರಿಂಗು, ಟೈರುಗಳದ್ದೇ ಸಾಮ್ರಾಜ್ಯ. ಕಾರಿನ ಯಾವ ಭಾಗ ಸಿಗದಿದ್ದರೂ ‘ಜೆ.ಸಿ. ರೋಡಲ್ಲಿ ನೋಡಿ’ ಎನ್ನುವುದು ಊರಿನ ವಾಡಿಕೆ. ಅಡ್ಡರಸ್ತೆಗೆ ಹೊರಳಿದರೆ ಬಿಡಿಭಾಗ ಮಾರುವವರ ಪಕ್ಕದಲ್ಲೇ ಅವನ್ನು ಕೂರಿಸುವವರೂ ಇದ್ದಾರೆ. ವೇಗದ ಕಾರನ್ನೇ ದಿನನಿತ್ಯವೂ ಓಡಿಸುವವರು ಇಲ್ಲಿನ ವೀಲ್ ಅಲೈನ್‌ಮೆಂಟ್ ಅಂಗಡಿಯೊಂದರಲ್ಲಿ ಅರ್ಧ ದಿನ ನಿಂತು ನೋಡಬೇಕು.

ನಾನು ಒಳಹೊಕ್ಕಾಗ ಲಿಫ್ಟಿನ ಮೇಲೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಏರಿತ್ತು. 2017ರಲ್ಲಿ ಭಾರತಕ್ಕೆ ಬಂದ ಮಾದರಿ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. ಮಾಲೀಕ ಹುಡುಗ ದಿನಾ ಆಫೀಸಿಗೆ ಹೋಗುವುದೂ ಇದರಲ್ಲೇ, ಆಗೊಮ್ಮೆ ಈಗೊಮ್ಮೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಹೋಗುವುದೂ ಇದರಲ್ಲೇ. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ, ಮುಂದಿನ ಟೈರು ಒಳಗಡೆ ಬೇಗ ಸವೆಯುತ್ತಿದೆ ಎಂಬುದು ಅವನ ದೂರು.

ಮೇಸ್ತ್ರಿ ಅಲೈನ್‌ಮೆಂಟ್ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಟೈರಿನ ಮೇಲೆ ಅಂಗೈ ಸವರಿದರು. ಒಳಗಿಂದ ಹೊರಗೆ ಸವರಿದರೆ ನುಣುಪು, ಹೊರಗಿಂದ ಒಳಗೆ ಸವರಿದರೆ ಗರಗಸದಂತೆ ತಾಕುತ್ತದೆ. ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದ್ದಕ್ಕೆ ಇದು ಗುರುತು. ಆಮೇಲೆ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್ ಪಕ್ಕಕ್ಕೆ ಉದ್ದನೆಯ ಸರಳು ತೂರಿಸಿ ಮೀಟಿದರು. ಬಲಗಡೆ ಬಿಗಿಯಾಗಿ ನಿಂತಿತು. ಎಡಗಡೆ ರಬ್ಬರು ಬಾಯಿಬಿಟ್ಟಿತು. ಒಳಗಿನ ಉಕ್ಕಿನ ಕೊಳವೆಯ ಸುತ್ತ ಅರ್ಧಚಂದ್ರಾಕಾರದ ಬಿರುಕು, ಟಾರ್ಚ್ ಬೆಳಕಿಗೆ ಸ್ಪಷ್ಟವಾಗಿ ಕಂಡಿತು.

ಎಡಕ್ಕೆ ಎಳೆಯುವುದಕ್ಕೆ ಕಾರಣ ಇಲ್ಲೇ ಇತ್ತು. ಬ್ರೇಕ್ ಹಾಕಿದಾಗ ನೆಲ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡವನ್ನು ತಡೆಯಬೇಕಾದದ್ದು ಈ ಬುಷ್. ಅದು ಹರಿದಿದ್ದರೆ ಆರ್ಮ್ ಜರುಗುತ್ತದೆ, ಟೋ ಬದಲಾಗುತ್ತದೆ. ನಿಂತ ಕಾರಿನಲ್ಲಿ ಯಂತ್ರ ತೋರಿಸುವ ಅಂಕಿ ಎಷ್ಟೇ ಸರಿಯಿದ್ದರೂ ಓಡುವ ಕಾರಿನಲ್ಲಿ ಅದು ಉಳಿಯುವುದಿಲ್ಲ.

‘ಅಣ್ಣಾ, ಪಾಲಿಯುರೆಥೇನ್ ಹಾಕಿಬಿಡೋಣ್ವಾ?’ ಎಂದ ಹುಡುಗ.

‘ಹಾಕಬಹುದು ಸಾರ್. ವರ್ಷದಲ್ಲಿ ಟ್ರ್ಯಾಕಿಗೆ ಎಷ್ಟು ಸಲ ಹೋಗ್ತೀರಿ, ಹಂಪ್ ಎಷ್ಟು ಹಾರಿಸ್ತೀರಿ, ಲೆಕ್ಕ ಹಾಕಿ ಹೇಳಿ.’

ಮೇಸ್ತ್ರಿ ಕೇಳಿದ ಲೆಕ್ಕದಲ್ಲೇ ಆಯ್ಕೆಯ ಸೂತ್ರವಿದೆ. ಪಾಲಿ ಬುಷ್ ಗಟ್ಟಿ. ಆರ್ಮ್ ಅಲುಗದು, ಸ್ಟೀರಿಂಗ್ ತಕ್ಷಣ ಮಾತು ಕೇಳುತ್ತದೆ. ಆದರೆ ಗುಂಡಿಯ ಏಟನ್ನೂ ರಸ್ತೆಯ ಗುಂಯ್‌ಗುಡುವಿಕೆಯನ್ನೂ ನೇರ ಬಾಡಿಗೆ ದಾಟಿಸುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಲೋಹದ ಗೋಳ ಕೀಲುಗಳಂತೂ ರೇಸಿಗೇ ಸೈ. ನಮ್ಮ ಧೂಳು, ಮಳೆನೀರಿನಲ್ಲಿ ಬೇಗ ಸಡಿಲವಾಗುತ್ತವೆ. ದಿನಬಳಕೆಗೆ ಎರಡೂ ಬದಿ ಹೊಸ ರಬ್ಬರ್ ಬುಷ್ ಹಾಕುವುದೇ ಸರಿ. ಇನ್ನೂ ಬಿಗಿ ಬೇಕೆಂದರೆ ಈ ಹಿಂದಿನ ಬುಷ್ ಒಂದನ್ನು ಮಾತ್ರ ತುಸು ಗಟ್ಟಿ ರಬ್ಬರಿನದಕ್ಕೆ ಬದಲಿಸಬಹುದು. ಹುಡುಗ ಮೂಲ ರಬ್ಬರನ್ನೇ ಆರಿಸಿಕೊಂಡ.

ಹೈಡ್ರಾಲಿಕ್ ಪ್ರೆಸ್‌ನಲ್ಲಿ ಹಳೆಯದು ಕಳಚಿ ಹೊಸದು ಕೂತಿತು. ನಾನು ಕಣ್ಣಿಟ್ಟು ನೋಡಿದ್ದು ಅದರ ಮುಂದಿನ ಕೆಲಸವನ್ನು. ಆರ್ಮ್‌ನ ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಚಕ್ರದ ಕೆಳಗೆ ಜ್ಯಾಕ್ ಕೊಟ್ಟು, ಕಾರು ನೆಲದ ಮೇಲೆ ನಿಂತಾಗ ಇರುವ ಎತ್ತರಕ್ಕೆ ಏರಿಸಿ, ಆಮೇಲೆಯೇ ಪೂರ್ತಿ ಬಿಗಿದರು. ರಬ್ಬರು ಒಳಗಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ನಿಮ್ಮ ಕಾರಿಗೆ ಬುಷ್ ಹಾಕಿಸುವಾಗ ಇದೊಂದನ್ನು ಕೇಳದೆ ಬಿಡಬೇಡಿ.

ಇನ್ನು ಯಂತ್ರದ ಸರದಿ. ಟೈರಿನ ಗಾಳಿ ನೋಡಿ, ನಾಲ್ಕೂ ಚಕ್ರಕ್ಕೆ ಫಲಕ ಕಟ್ಟಿ, ಕಾರನ್ನು ಹಿಂದೆ ಮುಂದೆ ಉರುಳಿಸಿದರು. ಕ್ಯಾಮೆರಾಗಳು ಕೋನ ಅಳೆದವು. ಮೊದಲು ಹಿಂದಿನ ಚಕ್ರ, ಆಮೇಲೆ ಮುಂದಿನದು. ಹಿಂದಿನ ಜೋಡಿ ಓರೆಯಾಗಿದ್ದರೆ ಮುಂದಿನದನ್ನು ಎಷ್ಟು ತಿದ್ದಿದರೂ ಸ್ಟೀರಿಂಗ್ ಸೊಟ್ಟಗೇ ನಿಲ್ಲುತ್ತದೆ. ಈ ಕಾರಿನ ಹಿಂಬದಿಯಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ ಎರಡನ್ನೂ ಬೋಲ್ಟ್ ತಿರುಗಿಸಿ ಹೊಂದಿಸಬಹುದು. ಮುಂದೆ ಟೋ ಮಾತ್ರ. ಸಬ್‌ಫ್ರೇಮ್ ತುಸು ಸರಿಸಿದರೆ ಎಡಬಲದ ಕ್ಯಾಂಬರ್ ಸಮವಾಗುತ್ತದೆ.

ಪರದೆಯ ಮೇಲೆ ಹಸಿರು ಬಂದರೆ ಸಾಕೆಂದು ಕಾರು ಬಿಡಿಸಿಕೊಳ್ಳುವವರೇ ಹೆಚ್ಚು. ಹಸಿರು ಒಂದು ಮಿತಿಯಷ್ಟೇ. ಎಡ ಅದರ ಒಂದು ಅಂಚಿನಲ್ಲಿ, ಬಲ ಇನ್ನೊಂದರಲ್ಲಿ ಇದ್ದರೂ ಬಣ್ಣ ಹಸಿರೇ. ಮೇಸ್ತ್ರಿ ಎರಡೂ ಬದಿ ಒಂದೇ ಅಂಕಿಗೆ ತಂದರು. ಮುಂದಿನ ಒಟ್ಟು ಟೋ 10 ಮಿನಿಟು ಒಳಮುಖ. ಒಂದು ಡಿಗ್ರಿಗೆ 60 ಮಿನಿಟು. ಸುಮಾರು 63 ಸೆಂ.ಮೀ. ವ್ಯಾಸದ ಟೈರಿನಲ್ಲಿ 10 ಮಿನಿಟೆಂದರೆ 2 ಮಿ.ಮೀ.ಗೂ ಕಡಿಮೆ. ಅಷ್ಟರಲ್ಲೇ ಕಾರು ಹೆದ್ದಾರಿಯಲ್ಲಿ ನೆಟ್ಟಗೆ ಓಡುತ್ತದೆ.

ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಟೈರು ಪೂರ್ತಿ ನೆಲ ಹಿಡಿಯಲಿ ಎಂದೇ ಋಣ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು. ಟ್ರ್ಯಾಕಿಗೆ 2 ಡಿಗ್ರಿ, ಅದಕ್ಕೂ ಹೆಚ್ಚು ಇಡುವವರಿದ್ದಾರೆ. ಆದರೆ ನಗರದಲ್ಲಿ ಕಾರು ನೇರ ಹೋಗುವುದೇ ಹೆಚ್ಚು, ಅಷ್ಟು ಕೊಟ್ಟರೆ ಟೈರಿನ ಒಳ ಅಂಚೇ ಭಾರ ಹೊರುತ್ತದೆ. 1 ಡಿಗ್ರಿಯ ಆಸುಪಾಸು ಎರಡಕ್ಕೂ ಒಪ್ಪುವ ಮಧ್ಯಮ ಮಾರ್ಗ.

ಹೋಗುವವರಿಗೆ: ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ಕಾರು ತರುವವರು ವಾರದ ದಿನ ಬೆಳಿಗ್ಗೆಯೇ ಬನ್ನಿ, ನಿಲ್ಲಿಸಲು ಜಾಗ ಸಿಕ್ಕೀತು. ಕೆಲಸಕ್ಕೆ ಮುಂಚಿನ ಮತ್ತು ಆಮೇಲಿನ ಅಂಕಿಗಳೆರಡನ್ನೂ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ಬುಷ್ ಮೀಟಿ ನೋಡದೆ ನೇರ ಯಂತ್ರಕ್ಕೆ ಹತ್ತಿಸುವ ಅಂಗಡಿಯಾದರೆ, ಅಲ್ಲಿ ಕಾರು ಬಿಡಬೇಡಿ.