ಯಂತ್ರದ ಹಸಿವಿಗೆ ಕಟ್ಟುಪಾಡು

ಊರಿಗೆಲ್ಲ ಇರುವ ಒಂದೇ ಬಾವಿಯಲ್ಲಿ ಒಬ್ಬನೇ ಹಗಲಿರುಳು ನೀರು ಸೇದುತ್ತ ನಿಂತರೆ ಉಳಿದವರ ಗತಿಯೇನು? ಹಲವರು ಒಟ್ಟಿಗೆ ಬಳಸುವ ಗಣಕಯಂತ್ರದಲ್ಲಿಯೂ ಈ ಭಯವುಂಟು. ತನ್ನಂತಹ ಮರಿಗಳನ್ನೇ ಹುಟ್ಟಿಸುತ್ತ ಹೋಗುವ ಒಂದು ತಪ್ಪು ಕಾರ್ಯಕ್ರಮವನ್ನು ನಾವು ಅರಿಯದೆ ನಡೆಯಿಸಿದೆವೆನ್ನಿ. ಒಂದು ಎರಡಾಗಿ, ಎರಡು ನಾಲ್ಕಾಗಿ, 15ನೆಯ ಇಮ್ಮಡಿಗೆ ಅವುಗಳ ಸಂಖ್ಯೆ 32,768! ಅಷ್ಟರಲ್ಲಿ ನೆರೆಯವರ ಕೆಲಸವೆಲ್ಲ ಸ್ತಬ್ಧವಾಗಬಹುದು.

ಇದಕ್ಕೆ ಪರಿಹಾರವೇನು? ಯುನಿಕ್ಸ್ ವ್ಯವಸ್ಥೆಯ ಬರ್ಕ್ಲಿ ಶಾಖೆಯು 1983ರಲ್ಲಿ ಹೊರತಂದ 4.2 ಆವೃತ್ತಿಯಲ್ಲಿ ಕಾರ್ಯಗಳಿಗೆ ಎಲ್ಲೆ ಕಟ್ಟುವ ಏರ್ಪಾಡು ಬಂದಿತು. ಇಂದಿನ ಲಿನಕ್ಸಿನಲ್ಲಿ, ನಮ್ಮ ಆಜ್ಞೆಗಳನ್ನು ಓದಿ ನಡೆಯಿಸುವ 'ಬ್ಯಾಷ್' ಎಂಬ ಶೆಲ್ಲಿಗೆ 'ಯುಲಿಮಿಟ್ -ಯು 200' ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಸಾಕು. ನಮ್ಮ ಹೆಸರಿನ ಕಾರ್ಯಗಳು 200ನ್ನು ಮುಟ್ಟಿದೊಡನೆ ಆ ಶೆಲ್ಲು ಹೊಸದನ್ನು ಹುಟ್ಟಿಸಲಾರದು. 'ಯು'ವಿನ ಬದಲು 'ಎನ್' ಎಂದರೆ ತೆರೆದ ಕಡತಗಳಿಗೆ ಮಿತಿ.

ಈ ಎಲ್ಲೆಯು ತಾಯಿಯಿಂದ ಮಗುವಿಗೆ ಇಳಿಯುತ್ತದೆ. ಮಗುವಿನಿಂದ ತಾಯಿಗೆ ಏರದು. ಆದುದರಿಂದಲೇ ಈ ಆಜ್ಞೆಯನ್ನು ಶೆಲ್ಲಿನ ಒಡಲಲ್ಲಿಯೇ ಇರಿಸಲಾಗಿದೆ. ಹೊರಗಿನ ಕಾರ್ಯಕ್ರಮವಾಗಿದ್ದರೆ ಅದು ತನ್ನನ್ನು ಮಾತ್ರ ಕಟ್ಟಿಕೊಂಡು ಮುಗಿಯುತ್ತಿತ್ತು.

ಎಲ್ಲೆಗಳು ಎರಡು ಬಗೆ: ಮೃದು ಮತ್ತು ಕಠಿಣ. ಮೃದುವನ್ನು ಕಠಿಣದವರೆಗೆ ಏರಿಸಬಹುದು. ಕಠಿಣವನ್ನು ಸಾಮಾನ್ಯ ಬಳಕೆದಾರನು ಇಳಿಸಬಲ್ಲನೇ ಹೊರತು ಮತ್ತೆ ಏರಿಸಲಾರನು. ಬರಿಯ ಆಜ್ಞೆಯು ಎರಡನ್ನೂ ಒಟ್ಟಿಗೆ ಇಳಿಸುವುದರಿಂದ ಹೊಸಬರು ಇಲ್ಲಿಯೇ ಎಡವುತ್ತಾರೆ. 'ಎಸ್' ಅಕ್ಷರವನ್ನು ಸೇರಿಸಿದರೆ ಮೃದುವಷ್ಟೇ ಬದಲಾಗುತ್ತದೆ. ಎಡವಿದರೂ ಚಿಂತೆಯಿಲ್ಲ. ಆ ಶೆಲ್ಲನ್ನು ಮುಚ್ಚಿ ಹೊಸದಾಗಿ ಪ್ರವೇಶಿಸಿದರೆ ಹಳೆಯ ಎಲ್ಲೆಯು ಮರಳುತ್ತದೆ. ನೆರೆಯವರ ನೀರನ್ನು ಉಳಿಸಲು ಇದಕ್ಕಿಂತ ಸುಲಭದ ಉಪಾಯವುಂಟೆ?