ದಿಲ್ಲಿಯ ಬಾಲ್ಕನಿಯಲ್ಲೊಂದು ಬಸಳೆ ಚಪ್ಪರ

ಕಳೆದ ವರ್ಷ ಜೂನ್‌ನಲ್ಲಿ ಅಮ್ಮನನ್ನು ಉಡುಪಿಯಿಂದ ದಿಲ್ಲಿಗೆ ಕರೆತಂದೆ. ಅಪ್ಪ ತೀರಿಕೊಂಡ ಮೇಲೆ ಊರ ಮನೆಯಲ್ಲಿ ಅವಳೊಬ್ಬಳೇ ಇರುವುದು ಬೇಡವೆಂದು ಹಟ ಹಿಡಿದವನು ನಾನೇ. ಮಂಗಳಾ ಎಕ್ಸ್‌ಪ್ರೆಸ್ ಇಳಿದಾಗ ಅವಳ ಕೈಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕು ಬಸಳೆ ದಂಟುಗಳಿದ್ದವು.

“ಇಲ್ಲಿ ಎಲ್ಲಾ ಸೊಪ್ಪು ಸಿಗ್ತದೆ ಅಮ್ಮ” ಅಂದೆ.

“ಸಿಗುವುದು ಬೇರೆ, ಹಿತ್ತಿಲಲ್ಲಿ ಇರುವುದು ಬೇರೆ ಮಾರಾಯ” ಅಂದಳು.

ಸಿಗುವುದೇನೋ ನಿಜ. ಇಲ್ಲಿನ ಚಿತ್ತರಂಜನ್ ಪಾರ್ಕ್‌ನ ಮಾರುಕಟ್ಟೆಯಲ್ಲಿ ಬಂಗಾಳಿಗಳು ‘ಪುಯಿ ಶಾಕ್’ ಎಂದು ಕೊಳ್ಳುವುದು ನಮ್ಮ ಬಸಳೆಯನ್ನೇ. ಮುಂಬೈ, ಪುಣೆಯಲ್ಲಿರುವವರು ‘ಮಾಯಾಳು’ ಎಂದು ಕೇಳಿ, ಹೈದರಾಬಾದಿನಲ್ಲಿ ‘ಬಚ್ಚಲಿ’, ಚೆನ್ನೈಯಲ್ಲಿ ‘ಕೊಡಿ ಪಸಲೈ’. ಬೇರಿಲ್ಲದ ಕಟ್ಟು ಸಿಕ್ಕರೂ ಚಿಂತೆಯಿಲ್ಲ. ಬಲಿತ ದಂಟೊಂದನ್ನು ನೆಟ್ಟರೆ ಬಳ್ಳಿಯಾಗುತ್ತದೆ.

ಹಿತ್ತಿಲಿಲ್ಲದ ಮೂರನೇ ಮಹಡಿಯಲ್ಲಿ 15 ಇಂಚಿನ ಎರಡು ಕುಂಡಗಳೇ ಹಿತ್ತಿಲಾದವು. ತಳದಲ್ಲಿ ನೀರು ಹರಿದುಹೋಗಲು ತೂತು, ಅರ್ಧ ಮಣ್ಣು, ಉಳಿದರ್ಧ ಹಳೆಯ ಗೊಬ್ಬರ ಮತ್ತು ಸ್ವಲ್ಪ ಮರಳು. ಗೇಣುದ್ದದ ದಂಟನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಅಮ್ಮ ಊರಿದಳು. “ಸ್ವಲ್ಪ ಸುಡುಮಣ್ಣು ಇದ್ದಿದ್ದರೆ” ಎಂದು ಹಲುಬಿದಳು. ದಿಲ್ಲಿಯಲ್ಲಿ ತರಗೆಲೆ ಸುಟ್ಟರೆ ದಂಡ ಹಾಕುತ್ತಾರೆ ಅಂದಾಗ ನನ್ನ ಮುಖವನ್ನೇ ನೋಡಿದಳು.

ಬಸಳೆಗೆ ಸೆಕೆ ಇಷ್ಟ, ಆದರೆ ದಿಲ್ಲಿಯ ಬಿಸಿಗಾಳಿ ಸೆಕೆಯಲ್ಲ, ಒಲೆ. ಬೇರು ಹಿಡಿಯುವವರೆಗೆ ಮಧ್ಯಾಹ್ನದ ಬಿಸಿಲಿಗೆ ಹಸಿರು ನೆರಳುಬಲೆ ಕಟ್ಟಿದೆವು. ಮಣ್ಣು ಒಣಗದಂತೆ ಬೆಳಿಗ್ಗೆ, ಸಂಜೆ ನೀರು. ಮಳೆ ಶುರುವಾದದ್ದೇ ಬಳ್ಳಿ ಬಾಲ್ಕನಿಯ ಸರಳು ಹಿಡಿದು ಮೇಲೇರಿತು. ನಾನು ನೈಲಾನ್ ಹಗ್ಗದಲ್ಲಿ ಚಪ್ಪರದಂಥದ್ದೊಂದನ್ನು ಹೆಣೆದೆ. ಬೆಳಗಿನ ಕಾಫಿ ಹಿಡಿದು ಅಮ್ಮ ಕೂರುವ ಜಾಗ ಅದಾಯಿತು.

ಕೊಯ್ಯಲು ಅವಸರ ಮಾಡಬಾರದು. ಬಳ್ಳಿ ದಪ್ಪವಾದ ಮೇಲೆ ತುದಿಯನ್ನು ಒಂದು ಮೊಳ ಕತ್ತರಿಸಿ, ಬುಡದಲ್ಲಿ ಮೂರ್ನಾಲ್ಕು ಎಲೆ ಬಿಟ್ಟರೆ ಪ್ರತಿ ಗೆಣ್ಣಿನಲ್ಲೂ ಹೊಸ ಕವಲೊಡೆಯುತ್ತದೆ. ಕೊಯ್ದಷ್ಟೂ ಬಳ್ಳಿ ಪೊದೆಯಾಗುತ್ತದೆ. ಮಳೆಗಾಲದಲ್ಲಿ ಎಲೆ ಮೇಲೆ ಕೆಂಪು ಅಂಚಿನ ಚುಕ್ಕೆ ಬಂದರೆ ಆ ಎಲೆ ಕಿತ್ತೆಸೆದು, ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ ನೀರು ಹಾಕಬೇಕು. ಬಸಳೆಯಲ್ಲಿ ಆಕ್ಸಲೇಟ್ ಅಂಶ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ವೈದ್ಯರನ್ನು ಕೇಳಿಯೇ ತಿನ್ನುವುದು ಒಳ್ಳೆಯದು. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ತೊಗರಿಬೇಳೆ ಹಾಕಿದ ಬಸಳೆ ಹುಳಿ. ಎಂಟು ವರ್ಷದ ಮಗಳು ದಂಟು ಚೀಪಲು ಕಲಿತಳು.

ಹಗಲು ಕಿರಿದಾದಂತೆ ಬಳ್ಳಿ ಹೂಬಿಟ್ಟಿತು, ಕಪ್ಪು ನೇರಳೆ ಬಣ್ಣದ ಕಾಯಿಗಳಾದವು. ಹೂ ಕಿತ್ತರೆ ಎಲೆ ಹೆಚ್ಚು ಬರುತ್ತದೆಂದು ನಾನು ಕೀಳಲು ಹೋದೆ. “ಒಂದು ಬಳ್ಳಿಯದ್ದು ಬಿಡು, ಬೀಜಕ್ಕೆ ಬೇಕು” ಅಂದಳು ಅಮ್ಮ.

ಡಿಸೆಂಬರ್‌ನಲ್ಲಿ ಅಮ್ಮ ಬಾಲ್ಕನಿಗೆ ಹೋಗುವುದನ್ನು ನಿಲ್ಲಿಸಿದಳು. ಹೊಗೆಮಂಜಿಗೆ ಕೆಮ್ಮು, ಚಳಿಗೆ ಮಂಡಿನೋವು. ಹೀಟರ್ ಪಕ್ಕ ಎರಡು ಸ್ವೆಟರ್ ಹಾಕಿ ಕುಳಿತಿರುತ್ತಿದ್ದಳು. ಬಳ್ಳಿಯ ಬೆಳವಣಿಗೆ ಆಗಲೇ ನಿಂತಿತ್ತು. ಜನವರಿಯ ಒಂದು ರಾತ್ರಿ ಚಳಿ ಬಿಗಿಯಾಗಿ, ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬೇಯಿಸಿದಂತೆ ಜೋತು ಬಿದ್ದಿದ್ದವು. ಒಂದು ಹಳೆಯ ಬೆಡ್‌ಶೀಟ್ ಹೊದಿಸಬಹುದಿತ್ತು, ಹೊಳೆಯಲೇ ಇಲ್ಲ. ಅಮ್ಮನಿಗೆ ಹೇಗೆ ಹೇಳುವುದೆಂದು ನಿಂತಿದ್ದೆ.

ಅವಳೇ ಬಂದು ನೋಡಿದಳು. ಬೇಸರಪಡಲಿಲ್ಲ. “ಅದಕ್ಕೆ ಈ ಚಳಿ ಆಗುವುದಿಲ್ಲ. ನನಗೂ ಆಗುವುದಿಲ್ಲ ಮಗಾ. ಊರಿಗೆ ಕಳಿಸು” ಅಂದಳು.

ಏಳು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನೋಡಿಕೊಳ್ಳುತ್ತಿದ್ದೇನೆ ಎಂಬ ನನ್ನ ಸಮಾಧಾನಕ್ಕಾಗಿಯೇ ಅವಳನ್ನು ಇಟ್ಟುಕೊಂಡಿದ್ದೆನೇನೋ ಎಂದು ಅವತ್ತು ಅನ್ನಿಸಿತು. ಆ ವಾರವೇ ಹೋಗಿ ಬಿಟ್ಟುಬಂದೆ. ಪಕ್ಕದ ಮನೆಯವರು ದಿನಕ್ಕೆರಡು ಸಲ ಬಂದು ನೋಡುತ್ತೇವೆ ಎಂದರು.

ಮಾರ್ಚ್‌ನಲ್ಲಿ, ಅಮ್ಮ ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜಗಳನ್ನು ರಾತ್ರಿ ನೀರಲ್ಲಿ ನೆನೆಸಿ ಬಿತ್ತಿದೆ. ಎರಡು ವಾರವಾದರೂ ಏನೂ ಕಾಣಲಿಲ್ಲ. ಆಸೆ ಬಿಡುವ ಹೊತ್ತಿಗೆ ಐದು ಮೊಳಕೆ ಬಂದವು. ವಿಡಿಯೊ ಕಾಲ್‌ನಲ್ಲಿ ತೋರಿಸಿದೆ.

“ಚಪ್ಪರ ಬಿಚ್ಚಿಲ್ಲ ತಾನೆ?” ಕೇಳಿದಳು.

“ಇಲ್ಲಮ್ಮ.”

“ಹಾಗಾದರೆ ಮಳೆ ಹೊತ್ತಿಗೆ ಬರ್ತೇನೆ. ದೀಪಾವಳಿಗೆ ವಾಪಸ್ ಬಿಡಬೇಕು.”

ಈ ಸಲ ಹೋಗುವ ಟಿಕೆಟ್ಟನ್ನೂ ಬರುವ ಟಿಕೆಟ್ಟಿನಷ್ಟೇ ಮನಸ್ಸಿಟ್ಟು ಮಾಡಿಸುತ್ತೇನೆ.